ಲೆಕ್ಕ ಕೇಳುವವರು ಲೆಕ್ಕ ಕೊಡಬೇಕು

(ಹಲಸೂರಿನಲ್ಲಿ ನಡೆದ ತಿಂಗಳ ಚಿಂತನ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಗೋಷ್ಠಿಯಲ್ಲಿ ಪ್ರತಿ ತಿಂಗಳೂ ಒಂದು ವಚನದ ಮೇಲೆ ಚಿಂತನೆ ನಡೆಯುವುದು ರೂಢಿ. ಈ ಸಲ ಸಂಚಾಲಕರು ನನಗೆ ಕೊಟ್ಟಿರುವ ವಿಷಯ ಕಳ್ಳ ಹಣ ಮತ್ತು ತೆರಿಗೆ ವಂಚನೆ. ಕರೆಯೋಲೆ ನೋಡಿದ ಸ್ನೇಹಿತರೊಬ್ಬರು, “ಇದನ್ನು ತೆರಿಗೆ ಕಚೇರಿಯಲ್ಲಿ ಹೋಗಿ ಮಾತಾಡು, ಗೋಷ್ಠಿಯಲ್ಲಿ ಯಾಕಪ್ಪಾ?” ಎಂದು ನಕ್ಕರು. ನಾನೂ ನಕ್ಕೆ. ಆದರೆ ಯೋಚಿಸಿ ನೋಡಿ. ದಿನ ಬೆಳಗಾದರೆ ಕಾಯಕದ ಮಾತಾಡುವವರು ನಾವು. ಕಾಯಕವಿಲ್ಲದೆ ಬಂದ ಹಣದ ಬಗ್ಗೆ, ಕಾಯಕದಿಂದ ಬಂದರೂ ಬಚ್ಚಿಟ್ಟ ಹಣದ ಬಗ್ಗೆ ನಾವು ಮಾತಾಡದಿದ್ದರೆ ಮತ್ತೆ ಯಾರು ಮಾತಾಡಬೇಕು?

ನಾನು ಪಂಡಿತನಲ್ಲ. ಮೂವತ್ತೆರಡು ವರ್ಷ ಬೇರೆಯವರ ಲೆಕ್ಕ ಪುಸ್ತಕ ತಿದ್ದಿ ಹೊಟ್ಟೆ ಹೊರೆದವನು. ಬಾಗಿಲ ಬಳಿಯ ಮೇಜಿನ ಮೇಲೆ ಸರ್ಕಾರಕ್ಕೆ ಸಲ್ಲಿಸಬೇಕಾದ ಒಂದು ಮನವಿ ಪತ್ರ ಇದೆ. ಮಾತು ಮುಗಿದ ಮೇಲೆ ಒಪ್ಪಿಗೆಯಾದವರು ಸಹಿ ಹಾಕಬಹುದು. ಅದರಲ್ಲಿ ಏನಿದೆ, ಯಾಕಿದೆ ಎಂದು ಹೇಳುವುದು ನನ್ನ ಇಂದಿನ ಕೆಲಸ. ಅದರ ಜೊತೆಗೆ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗಿದೆ. ಅದನ್ನು ಹೇಳದೆ ನಿಮ್ಮ ಸಹಿ ಕೇಳುವ ಹಕ್ಕು ನನಗಿಲ್ಲ.

ಇಲ್ಲಿಂದ ಶಿವಾಜಿನಗರ ಎಷ್ಟು ದೂರ? ಕೆರೆ ದಾಟಿದರೆ ಬಂದೇಬಿಟ್ಟಿತು. 2019ರ ಜೂನ್ 10ರಂದು ನಾನು ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದಾಗ ಲೇಡಿ ಕರ್ಜನ್ ರಸ್ತೆಯ ಕಡೆ ಜನ ಓಡುತ್ತಿದ್ದರು. ಐಎಂಎ ಎಂಬ ಸಂಸ್ಥೆಯ ಕಚೇರಿಯ ಮುಂದೆ ಸಾವಿರಾರು ಜನ. ಅದರ ಸ್ಥಾಪಕ ಮಹಮ್ಮದ್ ಮನ್ಸೂರ್ ಖಾನ್ ಕಾಣೆಯಾಗಿದ್ದರು. ಅವರದೆನ್ನಲಾದ ಧ್ವನಿಮುದ್ರಿಕೆ ಎಲ್ಲರ ಫೋನಿಗೂ ಬಂದಿತ್ತು. ಬುರ್ಖಾ ತೊಟ್ಟ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಹಿಡಿದು ಫುಟ್‌ಪಾತಿನ ಮೇಲೆ ಕುಳಿತಿದ್ದರು. ಅಳುತ್ತಿರಲಿಲ್ಲ. ಚೀಲವನ್ನು ಮಾತ್ರ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು.

ಆ ರಸ್ತೆಯಲ್ಲೇ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ ಇದೆ. ಹತ್ತೊಂಬತ್ತನೇ ಶತಮಾನದಿಂದ ಈ ದಂಡು ಪ್ರದೇಶದ ಬಡವರಿಗೆ ಚಿಕಿತ್ಸೆ ಕೊಡುತ್ತಿರುವ ಸರ್ಕಾರಿ ಆಸ್ಪತ್ರೆ. ನಮ್ಮಲ್ಲಿ ಎಷ್ಟೋ ಜನ ಅಲ್ಲೇ ಹುಟ್ಟಿದವರು. ಒಂದೇ ರಸ್ತೆಯಲ್ಲಿ ಎರಡು ಕಟ್ಟಡ. ಒಂದು ಎಲ್ಲರೂ ಕೊಟ್ಟ ತೆರಿಗೆಯಿಂದ ನಡೆಯುವುದು. ಇನ್ನೊಂದು ಎಲ್ಲರಿಂದ ಕಿತ್ತುಕೊಂಡ ಹಣದಿಂದ ಹೊಳೆಯುತ್ತಿದ್ದದ್ದು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮತ್ತೆ ಇಲ್ಲಿಗೆ ಬರುತ್ತೇನೆ.

ಐಎಂಎ 2006ರಲ್ಲಿ ಶುರುವಾಯಿತು. ಬಡ್ಡಿ ನಿಷಿದ್ಧ ಎಂದು ನಂಬಿದ ಜನರಿಗೆ, “ಇದು ಬಡ್ಡಿಯಲ್ಲ, ವ್ಯಾಪಾರದ ಲಾಭದಲ್ಲಿ ಪಾಲು” ಎಂದು ಹೇಳಿತು. ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ರೂಪಾಯಿ ಬರುತ್ತಿತ್ತು. ಯಾವ ಚಿನ್ನದ ವ್ಯಾಪಾರ ಇಷ್ಟು ಜನರಿಗೆ, ಇಷ್ಟು ವರ್ಷ, ಒಂದು ತಿಂಗಳೂ ತಪ್ಪದೆ ಇಂಥ ಲಾಭ ಕೊಡುತ್ತದೆ? ಹೊಸಬರು ತಂದು ಹಾಕಿದ ಹಣವನ್ನೇ ಹಳಬರಿಗೆ ಲಾಭವೆಂದು ಹಂಚಿದರು ಎಂಬುದು ತನಿಖೆಯವರ ಆರೋಪ. ಹೊಸಬರು ಬರುವುದು ಕಡಿಮೆಯಾದ ದಿನ ಬಾಗಿಲು ಮುಚ್ಚಿತು. ಒಟ್ಟು ಮೊತ್ತ ಸುಮಾರು 4,000 ಕೋಟಿ ರೂಪಾಯಿ ಎನ್ನುತ್ತಾರೆ. ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ದುಬೈಗೆ ಹೋಗಿದ್ದ ಖಾನ್ ಜುಲೈ 19ರಂದು ದೆಹಲಿಯಲ್ಲಿ ಇಳಿದಾಗ ಬಂಧನವಾಯಿತು. ಆಗಸ್ಟ್‌ನಲ್ಲಿ ಪ್ರಕರಣ ಸಿಬಿಐಗೆ ಹೋಯಿತು.

ಈಗ ಲೆಕ್ಕದವನಾಗಿ ನಾನು ಕೇಳುವ ಪ್ರಶ್ನೆ ಇದು. ಸರ್ಕಾರಕ್ಕೆ ಕಾನೂನು ಇರಲಿಲ್ಲವೇ? ಇತ್ತು. ಠೇವಣಿದಾರರ ಹಿತರಕ್ಷಣೆಗೆಂದೇ ಕರ್ನಾಟಕ 2004ರಲ್ಲಿ ಒಂದು ಕಾಯ್ದೆ ಮಾಡಿದೆ. ಠೇವಣಿದಾರರನ್ನು ವಂಚಿಸುವ ಸಂಸ್ಥೆಯ ಆಸ್ತಿಯನ್ನು ಜಪ್ತಿ ಮಾಡಿ ವಿಶೇಷ ನ್ಯಾಯಾಲಯದ ಮುಂದಿಡಲು ಅದರಲ್ಲಿ ಅಧಿಕಾರ ಇದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ ಕೇಂದ್ರದ ಸುಗ್ರೀವಾಜ್ಞೆ 2019ರ ಫೆಬ್ರವರಿ 21ರಂದೇ ಹೊರಬಿದ್ದಿತ್ತು. ಅದೇ ವರ್ಷ ಜುಲೈನಲ್ಲಿ ಅದು ಕಾಯ್ದೆಯೂ ಆಯಿತು. ಅಂದರೆ ಲೇಡಿ ಕರ್ಜನ್ ರಸ್ತೆಯಲ್ಲಿ ಜನ ಓಡುವುದಕ್ಕೆ ಮೂರೂವರೆ ತಿಂಗಳ ಮೊದಲೇ ಆ ಅಸ್ತ್ರವೂ ಸರ್ಕಾರದ ಕೈಯಲ್ಲಿತ್ತು.

ಎಚ್ಚರಿಕೆ ಇರಲಿಲ್ಲವೇ? ಅದೂ ಇತ್ತು. ರಿಸರ್ವ್ ಬ್ಯಾಂಕು ಈ ಸಂಸ್ಥೆಯ ಬಗ್ಗೆ ರಾಜ್ಯದ ಅಧಿಕಾರಿಗಳಿಗೆ ಮೊದಲೇ ಬರೆದಿತ್ತು. ವಿಚಾರಣೆಗಳು ನಡೆದವು, ಆದರೆ ಕಡತ ಮುಂದೆ ಹೋಗಲಿಲ್ಲ. ಮುಂದೆ ಕೆಲವು ಅಧಿಕಾರಿಗಳ ಮೇಲೆ ಲಂಚದ ಆರೋಪವೇ ಬಂತು. ಅದರಲ್ಲಿ ಯಾರು ತಪ್ಪಿತಸ್ಥರು ಎಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನನಗೆ ಕಾಣುವುದು ಇಷ್ಟು: ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು. ಹಗ್ಗ ಬಿಂದಿಗೆ ಎರಡೂ ಮೊದಲೇ ಮನೆಯಲ್ಲಿದ್ದವು.

ಇನ್ನೊಂದು ಸೂಕ್ಷ್ಮವನ್ನು ಹೇಳಬೇಕು, ಮನವಿ ಪತ್ರದ ಮೊದಲ ಬೇಡಿಕೆ ಅದರ ಮೇಲೆಯೇ ನಿಂತಿದೆ. ಐಎಂಎಗೆ ಹಣ ಕೊಟ್ಟವರನ್ನು ಕಾಗದದಲ್ಲಿ ‘ಠೇವಣಿದಾರ’ ಎಂದು ಬರೆಯಲಿಲ್ಲ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಗಳನ್ನು ಕಟ್ಟಿ, ಜನರನ್ನು ಅದರ ‘ಪಾಲುದಾರರು’ ಎಂದು ಬರೆದರು. ಪಾಲುದಾರ ಹಾಕಿದ ಬಂಡವಾಳ ಠೇವಣಿ ಅಲ್ಲ ಎಂದು ಕಾನೂನೇ ಹೇಳುತ್ತದೆ. ಇಬ್ಬರು ಅಣ್ಣತಮ್ಮಂದಿರು ಅಂಗಡಿ ಇಟ್ಟರೆ ಅದು ಸರಿಯಾದ ಮಾತು. ಆದರೆ ಹೊಲಿಗೆ ಹಾಕುವ ಹೆಂಗಸು, ಆಟೋ ಓಡಿಸುವ ಗಂಡಸು, ಗಲ್ಫಿನಿಂದ ಮಗ ಕಳಿಸಿದ ದುಡ್ಡು ತಂದ ತಾಯಿ, ಇವರೆಲ್ಲ ಒಂದು ಚಿನ್ನದ ವ್ಯಾಪಾರದ ಪಾಲುದಾರರೇ? ಅವರಲ್ಲಿ ಒಬ್ಬರಾದರೂ ಆ ಅಂಗಡಿಯ ಲೆಕ್ಕ ಪುಸ್ತಕ ಕಂಡಿದ್ದರೇ? ಲೆಕ್ಕ ನೋಡುವ ಹಕ್ಕಿಲ್ಲದವನು ಪಾಲುದಾರನಲ್ಲ. ಪಾಲುದಾರರ ಹೆಸರುಗಳು ಸರ್ಕಾರದ ನೋಂದಣಿ ಕಚೇರಿಗೆ ಹೋಗಲೇಬೇಕು. ಒಂದೇ ವಿಳಾಸದಲ್ಲಿ ಸಾವಿರಾರು ಪಾಲುದಾರರು ನೋಂದಾಯಿತರಾದಾಗ, ಅಲ್ಲಿ ಕುಳಿತ ಯಾರಿಗಾದರೂ ಇದೇನು ಎಂದು ಅನ್ನಿಸಬೇಕಿತ್ತು.

ಜನ ಏಕೆ ನಂಬಿದರು? ದುರಾಸೆ ಎಂದು ಹೇಳಿ ಮುಗಿಸುವುದು ಸುಲಭ. ನಾನು ಹಾಗೆ ಹೇಳಲಾರೆ. ಶಿವಾಜಿನಗರದ ವಿ.ಕೆ. ಒಬೈದುಲ್ಲಾ ಸರ್ಕಾರಿ ಶಾಲೆಗೆ ಹೊಸ ರೂಪ ಕೊಟ್ಟದ್ದು ಇದೇ ಐಎಂಎ. ಸೋರುತ್ತಿದ್ದ ಸರ್ಕಾರಿ ಶಾಲೆ ಚೆಂದವಾದಾಗ, ಮಕ್ಕಳ ಕೈಗೆ ಪುಸ್ತಕ ಬಂದಾಗ, ಆ ಬೀದಿಯ ತಾಯಂದಿರು ಏನೆಂದುಕೊಳ್ಳಬೇಕು? ದಾನ ಮಾಡುವವನು ಮೋಸಗಾರನಾಗಿರಲಾರ ಎಂದೇ ಅಲ್ಲವೇ? ಮಠದ ಕಟ್ಟಡಕ್ಕೆ ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ನಾವು ಕಲ್ಲಿನ ಮೇಲೆ ಕೆತ್ತಿಸುವಾಗ ಆ ಹಣ ಎಲ್ಲಿಯದು ಎಂದು ಕೇಳುತ್ತೇವೆಯೇ? ಸರ್ಕಾರ ಮಾಡಬೇಕಾದ ಕೆಲಸವನ್ನು ಕಳ್ಳ ಹಣ ಬಂದು ಮಾಡಿದರೆ, ಜನರ ಕೃತಜ್ಞತೆಯೂ ಕಳ್ಳ ಹಣದ ಪಾಲಾಗುತ್ತದೆ.

ಇದು ಅವರ ಸಮುದಾಯದ ವಿಷಯ, ನಮಗೇಕೆ ಎಂದು ಇಲ್ಲಿ ಯಾರಿಗಾದರೂ ಅನ್ನಿಸುತ್ತಿದ್ದರೆ, ಮುಂದಿನ ವರ್ಷವನ್ನು ನೆನಪಿಸಿಕೊಳ್ಳಿ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿತು. ಠೇವಣಿದಾರ ತನ್ನದೇ ಹಣದಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತರು, ಮೇಷ್ಟ್ರುಗಳು, ವಿಧವೆಯರು ಸರದಿ ನಿಂತರು. ಅಲ್ಲಿ ಹೆಸರು ಬೇರೆ, ಭಾಷೆ ಬೇರೆ, ಆಚಾರ ಬೇರೆ. ನಂಬಿಕೆ ಮಾತ್ರ ಒಂದೇ: “ನಮ್ಮವರು, ನಮಗೆ ಮೋಸ ಮಾಡುವುದಿಲ್ಲ.” ಶರಣರ ಹೆಸರಿಟ್ಟುಕೊಂಡ ಪತ್ತಿನ ಸಂಘಗಳು ನಮ್ಮಲ್ಲೂ ಇವೆ. ಬಹುಪಾಲು ಪ್ರಾಮಾಣಿಕವಾಗಿಯೇ ನಡೆಯುತ್ತಿವೆ. ಆದರೆ ಅವುಗಳ ವಾರ್ಷಿಕ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ? ಹೋದವರಲ್ಲಿ ಎಷ್ಟು ಜನ ಊಟದ ಎಲೆಗಿಂತ ಮೊದಲು ಆಢಾವೆ ಪತ್ರಿಕೆ ನೋಡುತ್ತೇವೆ?

ಈಗ ನನ್ನ ಕಥೆಗೆ ಬರುತ್ತೇನೆ.

ಆ ಜೂನ್ ಕಳೆದ ಮೇಲೆ ನಾವು ನಾಲ್ಕೈದು ಜನ ಸೇರಿ ಒಂದು ಮನವಿ ಬರೆದೆವು. ಇಂದಿನ ಪತ್ರದ ಮೊದಲ ರೂಪ ಅದು. ಹಲಸೂರು ಮಾರುಕಟ್ಟೆಯ ಹಿಂದಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ ಸಹಿ ಕೇಳಿದೆವು. ಒಂದು ಮನೆಯಲ್ಲಿ ರವಿಕೆ ಹೊಲಿಯುವ ಒಬ್ಬ ತಾಯಿ ಇದ್ದರು. ಇಂಥದೇ ಇನ್ನೊಂದು ಕಂಪನಿಯಲ್ಲಿ, ಹೆಸರು ಬೇಡ, ಮಗಳ ಮದುವೆಗೆಂದು ಕೂಡಿಟ್ಟ ಎರಡು ಲಕ್ಷ ರೂಪಾಯಿ ಕಳೆದುಕೊಂಡವರು. ನಾನು ಉತ್ಸಾಹದಿಂದ ಕಳ್ಳ ಹಣ, ತೆರಿಗೆಗಳ್ಳತನ, ಸರ್ಕಾರದ ನಿದ್ದೆ ಎಂದೆಲ್ಲ ವಿವರಿಸಿದೆ. ಅವರು ಮಷಿನ್ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಕೇಳಿದರು: “ಸಾರ್, ನೀವು ಕೆ.ಆರ್. ಪುರದಲ್ಲಿ ಸೈಟು ತಗೊಂಡ್ರಲ್ಲ, ಪೂರ್ತಿ ದುಡ್ಡು ಪತ್ರದಲ್ಲಿ ಬರೆಸಿದ್ರಾ?”

ಅವರಿಗೆ ನನ್ನ ಸೈಟಿನ ವಿಷಯ ಗೊತ್ತಿದ್ದದ್ದು ನನ್ನ ಹೆಂಡತಿಯಿಂದ. ಅವರು ಕುಹಕದಿಂದ ಕೇಳಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರಂತೆ, ನಿಮ್ಮಂಥವರೂ ಮಾಡುತ್ತೀರಾ ಎಂದು ತಿಳಿಯುವುದಕ್ಕೇ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. “ಸಹಿ ಆಮೇಲೆ ಹಾಕಿ ತಾಯಿ” ಎಂದು ಹೇಳಿ ಎದ್ದು ಬಂದೆ.

ನಡೆದದ್ದು ಇದು. 2003ರಲ್ಲಿ, ಕೆ.ಆರ್. ಪುರ ಇನ್ನೂ ಬೇರೆ ನಗರಸಭೆಯಾಗಿದ್ದಾಗ, ಅಲ್ಲಿ ಮೂವತ್ತು ನಲವತ್ತರ ಒಂದು ಸೈಟು ಕೊಂಡೆ. ಮಾತಾದ ಬೆಲೆ ನಾಲ್ಕು ಲಕ್ಷ. ಕ್ರಯಪತ್ರದಲ್ಲಿ ಬರೆಸಿದ್ದು ಎರಡು ಲಕ್ಷದ ನಲವತ್ತು ಸಾವಿರ. ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಒಂದು ರೂಪಾಯಿ ಕಡಿಮೆಯಾಗದಂತೆ, ಹೆಚ್ಚೂ ಆಗದಂತೆ, ಪತ್ರ ಬರೆಯುವವನು ಜಾಣತನದಿಂದ ಬರೆದ. ಉಳಿದ ಒಂದು ಲಕ್ಷದ ಅರವತ್ತು ಸಾವಿರವನ್ನು ಹಳದಿ ಬಟ್ಟೆಯ ಚೀಲದಲ್ಲಿಟ್ಟು ಮಾರುವವನ ಕೈಗೆ ಕೊಟ್ಟೆ. ನನ್ನದು ಸಂಬಳದ ಹಣ, ಪೂರ್ತಿ ತೆರಿಗೆ ಕಟ್ಟಿದ ಹಣ. ನಾನು ಕೊಟ್ಟ ಕ್ಷಣದಲ್ಲಿ ಅದು ಕಪ್ಪಾಯಿತು. ಮುದ್ರಾಂಕ ಶುಲ್ಕದಲ್ಲಿ ನಾನು ಸ್ವಲ್ಪ ಉಳಿಸಿದೆ, ಆದಾಯ ತೆರಿಗೆಯಲ್ಲಿ ಅವನು ಉಳಿಸಿದ. ಇಬ್ಬರಿಗೂ ಸಂತೋಷ. ಆ ಸಂಜೆ ಮನೆಯಲ್ಲಿ ಲಿಂಗಪೂಜೆ ಮಾಡಿದ್ದೂ ನೆನಪಿದೆ. ಬಸವಣ್ಣನವರು ಹೇಳಿದ ಏಳು ಬೇಡಗಳಲ್ಲಿ ಮೊದಲನೆಯದು ಕಳ್ಳತನದ ಬಗ್ಗೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಆ ಚೀಲ ಕೊಡುವಾಗ ಅದು ಕಳ್ಳತನ ಎಂದು ನನಗೆ ಅನ್ನಿಸಲಿಲ್ಲ. ಯಾರ ಜೇಬಿಗೂ ನಾನು ಕೈ ಹಾಕಿರಲಿಲ್ಲವಲ್ಲ!

ಯಾರ ಜೇಬು ಎಂದು ಈಗ ಹೇಳಬಲ್ಲೆ. ಬೌರಿಂಗ್ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಒಂದೇ ಮಂಚಕ್ಕೆ ಕಾಯುವ ಇಬ್ಬರು ಹೆಂಗಸರ ಜೇಬು ಅದು. ಸೋರುವ ಸರ್ಕಾರಿ ಶಾಲೆಯ ಮಗುವಿನ ಜೇಬು ಅದು. ಆ ಶಾಲೆ ಸೋರಿದ್ದರಿಂದಲೇ ಐಎಂಎಯಂಥವರಿಗೆ ದಾನಿಗಳಾಗುವ ಅವಕಾಶ ಸಿಕ್ಕಿತು. ನನ್ನ ಹಳದಿ ಚೀಲಕ್ಕೂ ಲೇಡಿ ಕರ್ಜನ್ ರಸ್ತೆಗೂ ಸಂಬಂಧವಿಲ್ಲ ಎಂದು ನಾನು ಬಹಳ ದಿನ ವಾದ ಮಾಡಿಕೊಂಡೆ. ಸಂಬಂಧ ಇದೆ. ಲೆಕ್ಕಕ್ಕೆ ಸಿಗದ ಹಣ ಬ್ಯಾಂಕಿಗೆ ಹೋಗಲಾರದು. ಅದು ಕೇಳುವವರಿಲ್ಲದ ಕಡೆಗೆ ಹರಿಯುತ್ತದೆ. ಅಂಥ ಹಣ ಮುಳುಗಿದಾಗ ಕಳೆದುಕೊಂಡವನು ದೂರು ಕೊಡಲೂ ಬರುವುದಿಲ್ಲ, “ನಿನಗೆ ಎಲ್ಲಿಂದ ಬಂತು?” ಎಂಬ ಪ್ರಶ್ನೆಗೆ ಹೆದರುತ್ತಾನೆ. ವಂಚಕನಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಯಾವುದಿದೆ? ಬೀದಿಗೆ ಬಂದು ಅತ್ತವರು ಬೆವರಿನ ದುಡ್ಡು ಹಾಕಿದವರು. ಬಾಯಿ ಮುಚ್ಚಿ ಕುಳಿತವರ ಸಂಖ್ಯೆ ಯಾವ ಕಡತದಲ್ಲೂ ಸಿಗುವುದಿಲ್ಲ.

ತೆರಿಗೆ ಎಂದ ಕೂಡಲೇ ಕೆಲವರು ಸಿಟ್ಟಾಗುತ್ತಾರೆ, ಅದಕ್ಕೂ ಕಾರಣ ಇದೆ. 2025ರ ಜುಲೈ ನೆನಪಿಸಿಕೊಳ್ಳಿ. ಫೋನಿನಲ್ಲಿ ಬಂದ ಯುಪಿಐ ಹಣದ ಮಾಹಿತಿ ನೋಡಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂಬುದು ಕಾನೂನು. ಕಾನೂನು ಸರಿಯೇ. ಆದರೆ ಹಾವೇರಿಯಲ್ಲಿ ತರಕಾರಿ ಮಾರುವವರೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಬೇಕರಿ, ಟೀ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಕಿತ್ತು “ನಗದು ಮಾತ್ರ” ಎಂದು ಬರೆದರು. ಗಲಾಟೆ ಜೋರಾದ ಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳನ್ನು ಕರೆದು ಸಮಾಧಾನ ಹೇಳಬೇಕಾಯಿತು.

ಆ ದಿನಗಳಲ್ಲಿ ನಮ್ಮ ಬೀದಿಯ ಟೀ ಅಂಗಡಿಯವನು ನನ್ನನ್ನು ಕೇಳಿದ: “ನಾನು ಮಾರಿದ ಹತ್ತು ರೂಪಾಯಿ ಟೀ ಇವರಿಗೆ ಕಾಣಿಸುತ್ತೆ. ಕೋಟಿ ಕೋಟಿ ತಿಂದವರು ಯಾಕೆ ಕಾಣಿಸಲ್ಲ?” ಇದಕ್ಕೆ ಉತ್ತರ ಕೊಡುವ ಹೊಣೆ ಸರ್ಕಾರದ್ದು. ಸಣ್ಣವನ ಹತ್ತು ರೂಪಾಯಿ ಹುಡುಕಬಲ್ಲ ಕಣ್ಣಿಗೆ ಒಂದೇ ವಿಳಾಸದ ಸಾವಿರಾರು ಪಾಲುದಾರರು ಕಾಣಲೇಬೇಕು. ಟೀ ಅಂಗಡಿಯವನು ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತಾನೆ, ಸೋಪು ಕೊಂಡರೂ ಕಟ್ಟುತ್ತಾನೆ, ತಪ್ಪಿಸಿಕೊಳ್ಳಲು ಅವನಿಗೆ ದಾರಿಯೇ ಇಲ್ಲ. ದೊಡ್ಡವರು ತಪ್ಪಿಸಿಕೊಂಡದ್ದನ್ನು ತುಂಬಿಕೊಡುವವನು ಅವನೇ.

ಕೇಳಿದರೆ ಏನು ಪ್ರಯೋಜನ, ಯಾರು ಕೇಳುತ್ತಾರೆ ಎನ್ನುವ ಮಾತೂ ನಮ್ಮಲ್ಲಿ ಬಹಳ. ಬಳ್ಳಾರಿಯ ಗಣಿಯನ್ನು ನೋಡಿ. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲದಲ್ಲಿ ಅದನ್ನು ನಿಲ್ಲಿಸಲು ಸಾಧ್ಯ ಎಂದು ಯಾರೂ ನಂಬಿರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರು 2011ರ ಜುಲೈನಲ್ಲಿ ಕೊಟ್ಟ ವರದಿ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಹೊರದೇಶದ ಬಾಗಿಲುಗಳೂ ಹಾಗೆಯೇ ತೆರೆದವು. ಸ್ವಿಟ್ಜರ್ಲೆಂಡಿನ ಬ್ಯಾಂಕುಗಳ ಗುಟ್ಟು ಎಂದೂ ಒಡೆಯದು ಎನ್ನುತ್ತಿದ್ದರು. 2019ರ ಸೆಪ್ಟೆಂಬರಿನಲ್ಲಿ ಆ ದೇಶ ಭಾರತೀಯರ ಖಾತೆಗಳ ವಿವರವನ್ನು ತಾನಾಗಿ ಕಳಿಸುವ ವ್ಯವಸ್ಥೆಯ ಮೊದಲ ಕಂತನ್ನು ನಮ್ಮ ಸರ್ಕಾರಕ್ಕೆ ಕಳಿಸಿತು. ಪಟ್ಟು ಹಿಡಿದು ಕೇಳಿದವರು ಇದ್ದುದರಿಂದ ಇವೆಲ್ಲ ಆದವು.

ಗಣಿ ವರದಿ ಬಂದಾಗ ನಮ್ಮಲ್ಲಿ ನಡೆದ ಒಂದು ವಿಷಯವನ್ನೂ ಮುಚ್ಚಿಡಬಾರದು. ಅನೇಕರು ಮೊದಲು ಓದಿದ್ದು ಆ 16,085 ಕೋಟಿಯ ಲೆಕ್ಕವನ್ನಲ್ಲ, ಅದರಲ್ಲಿದ್ದ ಹೆಸರುಗಳ ಜಾತಿಯನ್ನು. ನಮ್ಮವರಿದ್ದರೆ ಸಂಚು, ಬೇರೆಯವರಿದ್ದರೆ ಸತ್ಯ! ಜಾತಿ ಅಳಿಯಬೇಕೆಂದು ಹೋರಾಡಿದವರ ಮಕ್ಕಳು ನಾವು. ಕಳ್ಳತನದ ಲೆಕ್ಕ ಓದುವಾಗಲೂ ಜಾತಿಯನ್ನೇ ಓದಿದೆವು.

ಬಸವಣ್ಣನವರು ಕಲ್ಯಾಣದಲ್ಲಿ ಯಾವ ಕೆಲಸದಲ್ಲಿದ್ದರು? ಭಂಡಾರಿಯಾಗಿದ್ದರು. ರಾಜ್ಯದ ಹಣ ಅವರ ಕೈಯಲ್ಲಿತ್ತು. ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆ ಎಂದು ಕೊಂಡೆಯರು ಬಿಜ್ಜಳನಿಗೆ ಹೇಳಿದ ಕಥೆ ನಿಮಗೆಲ್ಲ ಗೊತ್ತು. ಪುರಾಣದಲ್ಲಿ ಅದು ಪವಾಡವಾಗಿ ಬಂದಿದೆ, ಪವಾಡವನ್ನು ಬದಿಗಿಡೋಣ. ಉಳಿಯುವುದೇನು? ಲೆಕ್ಕ ಕೇಳಿದಾಗ ಬಸವಣ್ಣನವರು ಸಿಟ್ಟಾಗಲಿಲ್ಲ. “ನನ್ನನ್ನೇ ಅನುಮಾನಿಸುತ್ತೀರಾ?” ಎನ್ನಲಿಲ್ಲ. ತಮ್ಮ ಹಿಂದೆ ಎಷ್ಟು ಭಕ್ತರಿದ್ದಾರೆಂದು ತೋರಿಸಿ ಹೆದರಿಸಲಿಲ್ಲ. ಭಂಡಾರದ ಬಾಗಿಲು ತೆರೆದು ತೋರಿಸಿದರು. ಆಯ್ದಕ್ಕಿ ಲಕ್ಕಮ್ಮ ತಾಯಿಯದೂ ಇದೇ ದಾರಿ. ಗಂಡ ಮಾರಯ್ಯ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬನ್ನಿ ಎಂದು ಕಳಿಸಿದರು. ಕದ್ದ ಅಕ್ಕಿಯಲ್ಲ ಅದು. ಬಿದ್ದ ಅಕ್ಕಿ. ಆದರೂ ಅದರಿಂದ ಮಾಡಿದ್ದು ದಾಸೋಹ ಆಗುವುದಿಲ್ಲ ಎಂದು ಆ ತಾಯಿಗೆ ಗೊತ್ತಿತ್ತು.

ಆದ್ದರಿಂದ ಮನವಿ ಪತ್ರದಲ್ಲಿ ಎರಡು ಭಾಗ ಇದೆ. ಮೊದಲ ಭಾಗ ಸರ್ಕಾರಕ್ಕೆ. ಒಂದು, ಪಾಲುದಾರರ ಸಂಖ್ಯೆ ಒಂದು ಮಿತಿ ಮೀರಿದ ಕೂಡಲೇ ಅಂಥ ಸಂಸ್ಥೆಯ ವಿಚಾರಣೆ ತಾನಾಗಿ ಶುರುವಾಗಬೇಕು, ಬಾಗಿಲು ಮುಚ್ಚುವವರೆಗೆ ಕಾಯಬಾರದು. ಎರಡು, ರಿಸರ್ವ್ ಬ್ಯಾಂಕು ಯಾವುದೇ ಸಂಸ್ಥೆಯ ಬಗ್ಗೆ ರಾಜ್ಯಕ್ಕೆ ಎಚ್ಚರಿಕೆ ಬರೆದರೆ, ಇಂತಿಷ್ಟು ದಿನದಲ್ಲಿ ಏನು ಕ್ರಮ ಆಯಿತು ಎಂಬುದನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ತಮಿಳಿನಲ್ಲಿ ಸಾರ್ವಜನಿಕವಾಗಿ ಪ್ರಕಟಿಸಬೇಕು. ದಂಡು ಪ್ರದೇಶದ ಜನರ ಭಾಷೆ ಅವು. ಮೂರು, ಜಪ್ತಿಯಾದ ಆಸ್ತಿಯ ಹರಾಜು ಬೇಗ ಮುಗಿದು, ಸಣ್ಣ ಮೊತ್ತದವರಿಗೆ ಮೊದಲು ಹಣ ಸಿಗಬೇಕು. ನಾಲ್ಕು, ತೆರಿಗೆ ಇಲಾಖೆಯ ಕಣ್ಣು ಮೊದಲು ದೊಡ್ಡ ವಂಚನೆಯ ಮೇಲೆ ಬೀಳಲಿ. ಸಣ್ಣ ವ್ಯಾಪಾರಿಗೆ ನೋಟಿಸಿಗಿಂತ ಮೊದಲು ತಿಳಿವಳಿಕೆ ಕೊಡಲಿ.

ಎರಡನೆಯ ಭಾಗ ನಮಗೆ, ಸರ್ಕಾರಕ್ಕಲ್ಲ. ಅದಕ್ಕೇ ಈ ಗೋಷ್ಠಿಗೆ ತಂದಿದ್ದೇನೆ. ನಮ್ಮ ಮಠಗಳು, ಟ್ರಸ್ಟುಗಳು, ಕಲ್ಯಾಣ ಮಂಟಪಗಳು ಪ್ರತಿ ವರ್ಷ ತಮ್ಮ ಆಯವ್ಯಯವನ್ನು ಬಸವ ಜಯಂತಿಯ ದಿನ ಎಲ್ಲರಿಗೂ ಕಾಣುವಂತೆ ಗೋಡೆಗೆ ಹಚ್ಚಬೇಕು. ಒಬ್ಬರಿಂದ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಕಾನೂನು 2017ರಿಂದಲೇ ನಿಷೇಧಿಸಿದೆ. ಕೇವಲ ಧಾರ್ಮಿಕ ಉದ್ದೇಶದ ಟ್ರಸ್ಟುಗಳಿಗೆ ಹೆಸರಿಲ್ಲದ ಕಾಣಿಕೆಯ ಮೇಲಿನ ವಿಶೇಷ ತೆರಿಗೆ ಇಲ್ಲ. ಭಕ್ತ ಹುಂಡಿಗೆ ಹಾಕುವ ಹತ್ತು ರೂಪಾಯಿಗೆ ಹೆಸರು ಕೇಳಬಾರದೆಂದು ಕಾನೂನು ತೋರಿದ ಗೌರವ ಅದು. ಆ ಗೌರವದ ಮರೆಯಲ್ಲಿ ಯಾರದೋ ಚೀಲ ನಮ್ಮ ಹುಂಡಿಯ ಮೂಲಕ ಬಿಳಿಯಾಗಬಾರದು. ಇದು ಸ್ವಾಮಿಗಳ ಮೇಲಿನ ಅನುಮಾನವಲ್ಲ. ಭಂಡಾರಿ ಬಸವಣ್ಣನವರೇ ಕೊಟ್ಟ ಲೆಕ್ಕವನ್ನು ನಾವು ಕೊಡಲಾಗದೇ?

ಕೊನೆಗೆ ಆ ಸೈಟಿನ ವಿಷಯ. 2021ರಲ್ಲಿ ಅದನ್ನು ಮಾರಬೇಕಾಯಿತು. ಈ ಸಲ ಪೂರ್ತಿ ಬೆಲೆ ಪತ್ರದಲ್ಲೇ ಬರೆಸುತ್ತೇನೆ, ಪೂರ್ತಿ ಹಣ ಬ್ಯಾಂಕಿನಲ್ಲೇ ಬರಬೇಕು ಎಂದೆ. ಮೂವರು ಗಿರಾಕಿಗಳು ಎದ್ದು ಹೋದರು. ನಾಲ್ಕನೆಯವರು ಬ್ಯಾಂಕ್ ಸಾಲದ ಮೇಲೆ ಮನೆ ಕಟ್ಟಬೇಕೆಂದಿದ್ದ ದಂಪತಿ. ಮೊದಲಿನವರು ಹೇಳಿದ್ದಕ್ಕಿಂತ ಎಂಟು ಲಕ್ಷ ಕಡಿಮೆಗೆ ಕೊಟ್ಟೆ. ಮಗ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಇನ್ನೊಂದು ತಮಾಷೆ ಕೇಳಿ. ಕೊಂಡ ಬೆಲೆ ಪತ್ರದಲ್ಲಿ ಕಡಿಮೆ ಇದ್ದುದರಿಂದ ನನ್ನ ಲಾಭ ಕಾಗದದಲ್ಲಿ ಹೆಚ್ಚಾಗಿ ಕಂಡಿತು. 2003ರಲ್ಲಿ ಮುಚ್ಚಿಟ್ಟ ಆ ಒಂದು ಲಕ್ಷದ ಅರವತ್ತು ಸಾವಿರಕ್ಕೂ ಸೇರಿಸಿ ನಾನೇ ತೆರಿಗೆ ಕಟ್ಟಿದೆ. ಲೆಕ್ಕದವನಾದ ನನಗೆ ಲೆಕ್ಕವೇ ಪಾಠ ಹೇಳಿತು. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಹದಿನೆಂಟು ವರ್ಷ ತಡವಾಗಿ ಮಾಡಿದ ಕೆಲಸದಲ್ಲಿ ದೊಡ್ಡಸ್ತಿಕೆ ಏನಿದೆ?

ಆ ಹೊಲಿಗೆಯ ತಾಯಿಯ ಮನೆಗೆ ಮತ್ತೆ ಹೋದೆ. ಪತ್ರದ ಎರಡೂ ಭಾಗ ಓದಿ ಹೇಳಿದೆ. ನನ್ನ ಸೈಟಿನ ಕಥೆಯನ್ನೂ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಸಹಿ ಮಾಡಿದರು. ಅವರ ಎರಡು ಲಕ್ಷ ಇನ್ನೂ ಬಂದಿಲ್ಲ. ಬಾಗಿಲ ಬಳಿ ಇರುವ ಪತ್ರದಲ್ಲಿ ಮೊದಲ ಹೆಸರು ಅವರದು, ಎರಡನೆಯದು ನನ್ನದು. ಮೂರನೆಯ ಸಾಲು ಖಾಲಿ ಇದೆ.